ಎತ್ತಿ ನಿಂತ ಕೈಗಳು

ಜೂನ್ ೧೪, ಮಂಗಳವಾರ

ನನ್ನ ಕೈಗಳ ಮೇಲೇ ಸಿಟ್ಟು ಬರುತ್ತಿದೆ.

ಬಡಗಿ ಯಜಮಾನರು ಇವತ್ತೊಂದು ದಿನ ಕೆಲಸ ಕೊಟ್ಟು ನೋಡಿದರು. ಕಿಟಕಿಯ ಚೌಕಟ್ಟು ಕೂಡಿಸಿದೆ. ಮೂಲೆಯಲ್ಲಿ ಕೂದಲು ತೂರುವಷ್ಟೂ ಸಂದಿ ಇರಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದಾಗ, ಸೋದರಮಾವನ ಹತ್ತಿರ ಎಂದೆ. ತಲೆದೂಗಿದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಸಂಜೆ ಕೆಲಸ ನಿಂತಿತು. ಜೈಲಿನ ಮರಗೆಲಸದ ಕೋಣೆಯಲ್ಲಿ ಮಾಡುತ್ತಿದ್ದ ಹಾಗೆಯೇ ಉಳಿಗಳನ್ನು ಸಾಲಾಗಿ ಜೋಡಿಸಿಟ್ಟು, ಗೋಡೆಗೆ ಮುಖಮಾಡಿ, ಎರಡೂ ಕೈ ಎತ್ತಿ ನಿಂತುಬಿಟ್ಟೆ. ಯಾರೂ ಬಂದು ಜೇಬು ತಡವಲಿಲ್ಲ. ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ನಿಮ್ಮ ಮಾವ ದಿನಾ ಹಿಂಗೇ ಜೇಬು ನೋಡ್ತಿದ್ರೇನಪ್ಪಾ?" ಎಂದರು ಯಜಮಾನರು, ಮೆಲ್ಲಗೆ.

ನಾನು ಕೈ ಕೆಳಗಿಳಿಸಿದೆ.

"ನಾಳೆ ಬಾ. ಬರುವಾಗ ಆ ಮಾವನ್ನ ಮನೇಲೇ ಬಿಟ್ಟು ಬಾ."

ಮನೆಗೆ ಬಂದರೆ ಅಕ್ಕ, "ಕೆಲಸ ಸಿಕ್ತೇನೋ?" ಎಂದಳು. ನಾಳೆ ಗೊತ್ತಾಗುತ್ತೆ ಎಂದೆ.

ಹಿಂದೆ ಎರಡು ಕಡೆ ನಿಜ ಹೇಳಿದ್ದಕ್ಕೇ ಬಾಗಿಲು ತೋರಿಸಿದ್ದರು. ಈ ಮಾವ ಹುಟ್ಟಿಕೊಂಡಿದ್ದೇ ಅದಕ್ಕೆ. ನಾಳೆ ಅವನಿಲ್ಲದೆ, ಒಬ್ಬನೇ ಯಜಮಾನರ ಎದುರು ನಿಂತಾಗ, ಈ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಲಿ?