ಪೆನ್ಸಿಲಿನಲ್ಲಿ ಬರೆದ ಆ ಒಂದು ಪದ

ಪುಟ್ಟಕ್ಕಾ,

ಹಾಲು ಕಾಯಿಸಿಟ್ಟಿದ್ದೀನಿ, ಕುಡಿದ ಮೇಲೆ ಲೋಟ ತೊಳೆದಿಡು. ಒದ್ದೆ ಬಟ್ಟೆ ಬಕೆಟ್ಟಿನಲ್ಲಿದೆ, ಕೈಗೆ ಎಟುಕುವ ಹಗ್ಗಕ್ಕೆ ಹಾಕು.

ನಾನೂ ಅಪ್ಪನೂ ಪಾಪುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟೆವು. ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಲ್ಕು ನಾಳಗಳಲ್ಲಿ ಎರಡು ಕಿರಿದಾಗಿವೆಯಲ್ಲ, ಇವತ್ತು ಪುಟ್ಟ ಬಲೂನು ಹಾಕಿ ಅಗಲ ಮಾಡುತ್ತಾರೆ. ಮತ್ತೆ ಕಿರಿದಾಗಲೂಬಹುದಂತೆ, ನಿನ್ನ ಹತ್ತಿರ ಮುಚ್ಚಿಡೋದೇನು. ಆದರೆ ಇನ್ನೆರಡು ಚೆನ್ನಾಗಿರೋದೇ ದೊಡ್ಡ ಧೈರ್ಯ ಅಂದರು ಡಾಕ್ಟರಮ್ಮ.

ಚೀಲ ತುಂಬುವಾಗ, ಹೋದ ವಾರ ಅವರು ಕೊಟ್ಟ ಹಾಳೆ ನೋಡಿದೆ. "ಅಪಾಯದ ಅಂಶ: ಅವಧಿಗೆ ಮುಂಚೆ ಹುಟ್ಟಿದ್ದು" ಅನ್ನೋದರ ಪಕ್ಕ ನೀನು ಪೆನ್ಸಿಲಿನಲ್ಲಿ "ನನ್ನಿಂದ" ಅಂತ ಬರೆದಿದ್ದೀಯ. ನೀನು ಮರೆತ ಊಟದ ಡಬ್ಬಿ ಹಿಡಿದು ಬಸುರಿ ನಾನು ನಿನ್ನ ಸ್ಕೂಲ್ ಬಸ್ಸಿನ ಹಿಂದೆ ಓಡಿದ್ದಕ್ಕೂ, ಅವತ್ತೇ ಸಂಜೆ ಪಾಪು ಹುಟ್ಟಿದ್ದಕ್ಕೂ ಗಂಟು ಹಾಕಿಬಿಟ್ಟೆಯಾ? ಅದಕ್ಕೇನಾ ವಾರದಿಂದ ಅವಳನ್ನು ಎತ್ತಿಕೊಳ್ಳದೆ ದೂರ ನಿಂತಿದ್ದು? ಹೊಟ್ಟೆಕಿಚ್ಚು ಅಂತ ಬೈದೆನಲ್ಲೇ, ತಪ್ಪಾಯ್ತು ಕಂದಾ.

ಕೂಡಲೇ ಫೋನ್ ಮಾಡಿ ಕೇಳಿದೆ. ಡಾಕ್ಟರಮ್ಮ ನಕ್ಕುಬಿಟ್ಟರು. "ಬಸ್ಸಿನ ಹಿಂದೆ ಓಡಿದವರ ಮಕ್ಕಳೆಲ್ಲ ಬೇಗ ಹುಟ್ಟೋದಾದರೆ ಅರ್ಧ ಊರೇ ಏಳು ತಿಂಗಳಿಗೆ ಹುಟ್ಟಬೇಕಿತ್ತು ಕಣ್ರೀ!" ಅಪಾಯದ ಅಂಶ ಅಂದರೆ ಯಾರದೋ ತಪ್ಪು ಅಂತಲ್ಲವಂತೆ, ಅಂಥ ಮಕ್ಕಳನ್ನು ಇನ್ನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಅಂತ ಅಷ್ಟೇ.

ಹಾಳೆ ಇಲ್ಲೇ ಇದೆ, ಮೇಲೆ ರಬ್ಬರ್ ಇಟ್ಟಿದ್ದೀನಿ. ನಾನೇ ಅಳಿಸಬಹುದಿತ್ತು, ಆದರೆ ಅದನ್ನು ನೀನೇ ಅಳಿಸಬೇಕು. ಆಮೇಲೆ ಪಕ್ಕದ ಮನೆ ಅತ್ತೆ ಜೊತೆ ಆಸ್ಪತ್ರೆಗೆ ಬಾ. ಎಚ್ಚರವಾದಾಗ ಪಾಪು ಮೊದಲು ಹುಡುಕೋದು ನಿನ್ನನ್ನೇ.

ಅಮ್ಮ