ಕಂಬಿ ಒಂದು ಅಡಿ ಕೆಳಗೆ

ಜನವರಿ 9, ಬೆಳಿಗ್ಗೆ 5.40

ಅಮ್ಮ ಜಡೆ ಹಾಕಿದಳು. ಬಲಗೈಯನ್ನು ಕೊರಳಿಗೆ ತೂಗುಹಾಕಿ ಸ್ಲಿಂಗ್ ಕಟ್ಟಿ ಇವತ್ತಿಗೆ ಹನ್ನೊಂದನೇ ದಿನ. ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡರೆ ಬಲಗೈಯಲ್ಲೇ ಬರೆಯಬಹುದು. ಬೆರಳಿಗೇನೂ ಆಗಿಲ್ಲ. ಆಗಿರುವುದು ಭುಜಕ್ಕೆ.

'ಮೂರನೇ ಕ್ಲಾಸಿಗೇ ನನ್ನ ಕೈ ತಪ್ಪಿಸ್ಕೊಂಡು ಓಡಿದವಳು. ಸಿಕ್ಕಿಬಿದ್ದೆ ನೋಡು ಈಗ' ಅಂದಳು. ನಾನು ಏನೋ ಹೇಳಲು ಹೋದೆ. ತಲೆ ನೆಟ್ಟಗಿಟ್ಟುಕೊಳ್ಳಬೇಕಂತೆ, ಭಾಷಣ ಆಮೇಲಂತೆ.

ಕೆಲಸಕ್ಕೆ ಹೋಗುತ್ತಿದ್ದೇನೆ. ಲೈಟ್ ಡ್ಯೂಟಿ. ದಿಂಬಿನ ಕವರ್ ಎಣಿಸುವುದು, ಎಡಗೈಯಲ್ಲಿ.

ಅದೇ ದಿನ, ಸಂಜೆ

ಮುಂದೆ ಬೇಕಾದೀತು. ನಡೆದದ್ದನ್ನು ಬರೆದಿಡುತ್ತೇನೆ.

ನಮ್ಮದು ಆಸ್ಪತ್ರೆ ಬಟ್ಟೆ ಒಗೆಯುವ ಲಾಂಡ್ರಿ. ಡ್ರೈಯರ್‌ನಿಂದ ಬಂದ ಶೀಟನ್ನು ಇಬ್ಬರು ಎದುರು ಬದುರು ನಿಂತು ನಾಲ್ಕು ಮೂಲೆ ಹಿಡಿದು ಝಾಡಿಸಬೇಕು, ಮೂರು ಎಣಿಸಿ ತಲೆ ಮೇಲಿನ ಕಂಬಿಗೆ ಎಸೆಯಬೇಕು. ಅಲ್ಲಿಂದ ಇಸ್ತ್ರಿ ಮಾಡುವ ರೋಲರ್‌ಗೆ. ಒಂದು ಶಿಫ್ಟಿಗೆ ನಾನೂರು. ಹೋದ ವರ್ಷ ಹೊಸ ಟ್ರಾಲಿ ಬಂತು. ಅದು ಕೆಳಗೆ ನುಸುಳಲಿ ಎಂದು ಕಂಬಿಯನ್ನು ಒಂದು ಅಡಿ ಮೇಲಕ್ಕೆ ಏರಿಸಿದರು. ಟ್ರಾಲಿಗೆ ಜಾಗವಾಯಿತು. ನಮ್ಮ ತೋಳುಗಳ ಅಳತೆ ಯಾರೂ ತೆಗೆಯಲಿಲ್ಲ.

ಡಿಸೆಂಬರ್ 30. ಇನ್ನೂರಕ್ಕೂ ಮೇಲಿನ ಯಾವುದೋ ಶೀಟ್. ಸರಿಯಾಗಿ ಒಣಗಿರಲಿಲ್ಲ, ಭಾರವಿತ್ತು. ಎಸೆದೆ. ಭುಜದೊಳಗೆ ಏನೋ ಚಟ್ ಎಂದಿತು.

ನನ್ನ ಜೋಡಿ ಗಡಿಯಾರದಕ್ಕ. ಇಪ್ಪತ್ತು ವರ್ಷದಿಂದ ಒಂದೇ ಲಯದಲ್ಲಿ ಎಣಿಸುತ್ತಾಳೆ, ಅದಕ್ಕೇ ಆ ಹೆಸರು. ಸಂಘದ ಕರಪತ್ರ ಬರೆಯುವವಳೆಂದು ನನ್ನನ್ನು ಕರೆಯುವುದು 'ಕರಪತ್ರ' ಎಂದು. ಸೇರಿದ ಮೊದಲ ದಿನ ಅವಳು ಕಲಿಸಿದ್ದು ಒಂದೇ ನಿಯಮ. ಎಸೆಯುವ ಮೊದಲು ಎದುರಿನವಳ ಕೈ ನೋಡು. ಯಾರದು ಕೆಳಗಿದೆಯೋ ಅಷ್ಟಕ್ಕೆ ಇನ್ನೊಬ್ಬಳು ಇಳಿಸಬೇಕು. ಇಲ್ಲದಿದ್ದರೆ ಶೀಟ್ ಸೊಟ್ಟಗೆ ಬಿದ್ದು ರೋಲರ್‌ಗೆ ಸಿಕ್ಕಿಕೊಳ್ಳುತ್ತದೆ.

ಆ ದಿನವೇ ಆಸ್ಪತ್ರೆಗೆ ಕಳಿಸಿದರು. ಡಾಕ್ಟರ್ ಸ್ಲಿಂಗ್ ಕಟ್ಟಿದರು. ಫಿಸಿಯೋ ಮೇಡಂ ವ್ಯಾಯಾಮದ ಚಿತ್ರ ಇರುವ ಹಾಳೆ ಕೊಟ್ಟರು. ಐದು ದಿನ ಕಟ್ಟಿ, ಆಮೇಲೆ ಬಿಚ್ಚಿ, ಬಗ್ಗಿ ನಿಂತು ಕೈ ಇಳಿಬಿಟ್ಟು ತೂಗಿ, ಎಂದರು. ತಲೆ ಆಡಿಸಿದೆ.

ಬಿಚ್ಚಲಿಲ್ಲ. ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ನಾನೇ ಹೇಳಿದೆ — ಗಾಯ ಮುಚ್ಚಿಡುವುದಲ್ಲ, ಅದೇ ನಮ್ಮ ಬಾವುಟ. ಕಾರ್ಮಿಕ ಇಲಾಖೆಯ ವಿಚಾರಣೆಯ ತನಕ ಈ ಪಟ್ಟಿ ನನ್ನ ಕೊರಳಲ್ಲೇ ಇರುತ್ತದೆ. ಚಪ್ಪಾಳೆ ಬಿತ್ತು. ಫಿಸಿಯೋ ಎಂದರೆ ಯಂತ್ರಕ್ಕೆ ಎಣ್ಣೆ ಬಿಟ್ಟು ಮತ್ತೆ ಅದೇ ಮಾಲೀಕನಿಗೆ ಒಪ್ಪಿಸುವುದು ಎಂದೂ ಹೇಳಿದೆ. ಅದಕ್ಕೆ ಇನ್ನೂ ಜೋರು ಚಪ್ಪಾಳೆ. ನಮ್ಮ ಬೇಡಿಕೆ ಒಂದೇ ಸಾಲು. ಕಂಬಿ ಒಂದು ಅಡಿ ಕೆಳಗೆ.

ವ್ಯಾಯಾಮದ ಹಾಳೆ ಲಾಕರ್‌ನಲ್ಲಿದೆ, ಕರಪತ್ರಗಳ ಅಡಿಯಲ್ಲಿ.

ಜನವರಿ 19

ವಿಚಾರಣೆ ಮುಂದಕ್ಕೆ. ಕಾರ್ಮಿಕ ಇಲಾಖೆಯ ಅಧಿಕಾರಿಗೆ ಬೇರೆ ಕೆಲಸವಂತೆ. ಹೊಸ ತಾರೀಖು ಫೆಬ್ರವರಿ 9.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕವರ್ ಎಣಿಸಿದೆ.

ಜನವರಿ 24

ಅಕ್ಕನಿಗೆ ಬೇರೆ ಜೋಡಿ ಕೊಟ್ಟಿಲ್ಲ. ನನ್ನ ಕಡೆಯ ಎರಡು ಮೂಲೆಗಳನ್ನು ಗೋಡೆಯ ಕ್ಲಿಪ್ಪಿಗೆ ಸಿಕ್ಕಿಸಿ ಒಬ್ಬಳೇ ಎಸೆಯುತ್ತಾಳೆ. ಕ್ಲಿಪ್ಪು ಎಸೆಯುವುದಿಲ್ಲ, ಹಿಡಿದುಕೊಳ್ಳುತ್ತದೆ ಅಷ್ಟೆ. ಹೇಗಿದೆ ಹೊಸ ಜೋಡಿ ಎಂದು ಕೇಳಿದೆ. 'ನಿನಗಿಂತ ವಾಸಿ. ಬಾಯಿಲ್ಲ' ಅಂದಳು.

ಇವತ್ತು ಊಟದ ಡಬ್ಬಿಯ ಚೀಲ ಎಡ ಹೆಗಲಲ್ಲಿತ್ತು. ಯಾವಾಗಲೂ ಬಲ ಹೆಗಲಲ್ಲಿ ಹಾಕುತ್ತಿದ್ದಳು. ಸುಮ್ಮನೆ ಬರೆದೆ.

ಫೆಬ್ರವರಿ 9

ಮತ್ತೆ ಮುಂದಕ್ಕೆ. 27ಕ್ಕೆ.

ಫೆಬ್ರವರಿ 12

ಸ್ನಾನ ಮಾಡಿ ಅಂಗಿ ಹಾಕಿಕೊಳ್ಳುವಾಗ ತೋಳಿನೊಳಗೆ ಕೈ ಹೋಗಲಿಲ್ಲ. ನೋವಾಗಿ ಅಲ್ಲ. ಕೈ ತಿರುಗಲೇ ಇಲ್ಲ. ಬಾಗಿಲಿಗೆ ಹೊರಗಿನಿಂದ ಬೋಲ್ಟ್ ಹಾಕಿದ ಹಾಗೆ. ಅಮ್ಮ ನೋಡಿದಳು. ಚಪ್ಪಲಿ ಮೆಟ್ಟಿಕೊಂಡಳು, ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಫಿಸಿಯೋ ಕೋಣೆಯ ಮಂಚದ ಮೇಲೆ ನಮ್ಮ ಶೀಟ್. ಮಡಿಕೆಯ ಗೆರೆ ನೋಡಿಯೇ ತಿಳಿಯಿತು, ಅಕ್ಕನದು. ಅದರ ಮೇಲೆ ಮಲಗಿದೆ.

ಮೇಡಂ ನನ್ನ ಮೊಣಕೈ ಹಿಡಿದು ಎತ್ತತೊಡಗಿದರು. ಸಡಿಲ ಬಿಡಿ ಎಂದರು. ಬಿಟ್ಟಿದ್ದೇನೆ ಎಂದೆ.

'ಗೊತ್ತಾಗ್ತಿದೆ. ಅದೇ ಸಮಸ್ಯೆ. ನಾನೆತ್ತಿದರೂ ಬರ್ತಿಲ್ಲ.'

ನಾವಾಗಿ ಎತ್ತಲಾಗದೆ, ಬೇರೆಯವರು ಎತ್ತಿದಾಗ ಬಂದರೆ ಅದು ಒಂದು ಥರದ ತೊಂದರೆಯಂತೆ. ಯಾರು ಎತ್ತಿದರೂ ಬರದಿದ್ದರೆ ಇನ್ನೊಂದು. ಕೀಲಿನ ಸುತ್ತ ಚೀಲದಂಥ ಒಂದು ಪೊರೆ ಇರುತ್ತದಂತೆ. ಕೈ ಆಡಿಸದೆ ಇಟ್ಟರೆ ಕೆಲವರಿಗೆ ಅದು ದಪ್ಪವಾಗಿ ಮುದುರಿಕೊಳ್ಳುತ್ತದೆ. ಮೊದಲ ಪೆಟ್ಟು ಚಿಕ್ಕದಿತ್ತಂತೆ.

'ನೀವು ಲಾಂಡ್ರಿಯವರಲ್ವಾ. ಒದ್ದೆ ಬಟ್ಟೆ ಹಿಂಡಿ ಹಾಗೇ ಮುದುರಿ ಒಂದೂವರೆ ತಿಂಗಳು ಬಿಟ್ಟರೆ?'

'ಸುಕ್ಕು ಕೂರುತ್ತೆ. ಇಸ್ತ್ರಿಗೂ ಹೋಗಲ್ಲ.'

'ಹೋಗುತ್ತೆ. ನಿಧಾನಕ್ಕೆ. ಎಷ್ಟು ತಿಂಗಳು ಅಂತ ಕೇಳಬೇಡಿ.' ಆಮೇಲೆ ಸ್ಲಿಂಗ್ ಕಡೆ ನೋಡಿದರು. 'ಇದನ್ನ ಯಾರು ಇಟ್ಕೊಳ್ಳೋಕೆ ಹೇಳಿದ್ದು?'

ನಲವತ್ತೈದು ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಅವರೇ ಸ್ಲಿಂಗ್ ಬಿಚ್ಚಿ ಮಡಚಿ ಅಮ್ಮನ ಕೈಗೆ ಕೊಟ್ಟರು.

ಫೆಬ್ರವರಿ 13, ಬೆಳಿಗ್ಗೆ

ಇನ್ನು ಎರಡು ವಾರ ತಾನೆ. ಕಟ್ಟಿಕೊಂಡೆ. ಅಮ್ಮ ಜಡೆ ಹಾಕಿದಳು. ಬಿಗಿಯಾಗಿ ಎಳೆದಳು, ಅಷ್ಟೆ.

ಫೆಬ್ರವರಿ 20

ಲಾಕರ್ ಹತ್ತಿರ ಅಕ್ಕ. ಏನೋ ಕೇಳಬೇಕು ಎಂದು ಎರಡು ಸಲ ಬಂದು ಹೋದಳು. ಮೂರನೇ ಸಲ ಕೇಳಿದಳು.

'ಆ ಚಿತ್ರದ ಹಾಳೆ... ನಿನಗೆ ಬೇಡದಿದ್ರೆ ಕೊಡೇ. ಹೇಗೂ ಮಡಚಿಟ್ಟಿದೀಯ.'

ಕೊಟ್ಟೆ. ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದು ಈಗ ಬರೆಯುವಾಗ ಕಾಣಿಸುತ್ತಿದೆ. ಆಗ ಅದೊಂದು ಹಾಳೆ ಅಷ್ಟೇ ಆಗಿತ್ತು.

ಫೆಬ್ರವರಿ 26

ಸಂಘದ ಸೆಕ್ರೆಟರಿ ಕರೆದರು. ರೋಲರ್ ವಿಭಾಗದವರು, ಮಾತಿಗೆ ಮೊದಲು ಕನ್ನಡಕ ಒರೆಸುವ ಮನುಷ್ಯ. ಇವತ್ತು ಒರೆಸುತ್ತಲೇ ಇದ್ದರು.

ಅರ್ಜಿಯ ಜೊತೆ ಆಸ್ಪತ್ರೆಯ ಕಾಗದವನ್ನೂ ಜನವರಿಯಲ್ಲೇ ಕೊಟ್ಟಿದ್ದೆವು. ಎರಡು ಪುಟ. ಮೊದಲನೆಯದರಲ್ಲಿ 'ಕೆಲಸದ ವೇಳೆ ಭುಜಕ್ಕೆ ಪೆಟ್ಟು' ಎಂದಿದೆ, ಅದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿ ಗೇಟಿಗೆ ಅಂಟಿಸಿದ್ದೆವು. ಎರಡನೆಯದರಲ್ಲಿ 'ಸ್ಲಿಂಗ್ ಐದು ದಿನ ಮಾತ್ರ, ಆಮೇಲೆ ವ್ಯಾಯಾಮ' ಎಂದಿದೆ. ಅದನ್ನು ಯಾರೂ ತಿರುವಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಇಡೀ ಲಾಂಡ್ರಿಗೆ ಓದಿ ಹೇಳುವವಳು ನಾನು.

'ಆಮೇಲೆ ಫಿಸಿಯೋದವರೇ ಬಾಯಲ್ಲಿ ಹೇಳಿದ್ರು, ಇನ್ನೂ ಸ್ವಲ್ಪ ದಿನ ಇರಲಿ ಅಂತ — ಹೀಗನ್ನು. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ?' ಎಂದರು ಸೆಕ್ರೆಟರಿ.

ಮೇಡಂಗೆ ತೊಂದರೆಯಾಗುವುದಿಲ್ಲವೇ ಎಂದೆ. ಇನ್ನೂರು ಜನರ ಭುಜ ದೊಡ್ಡದೋ ಒಬ್ಬ ಮೇಡಂ ದೊಡ್ಡವರೋ ಎಂದರು. ಈ ಮಾತು ನನ್ನದೇ. ನವೆಂಬರ್‌ನ ಕರಪತ್ರದಲ್ಲಿ, ಬೇರೆ ಯಾರದೋ ಬಗ್ಗೆ, ನಾನೇ ಬರೆದದ್ದು.

ಸರಿ ಎಂದು ಬಂದೆ.

ಫೆಬ್ರವರಿ 27, ಸಂಜೆ 6

ಮೇಲಿನ ಆಫೀಸ್ ಕೋಣೆ. ಇಲಾಖೆಯ ಅಧಿಕಾರಿ, ಮ್ಯಾನೇಜರ್, ಕಂಪನಿಯ ಡಾಕ್ಟರ್. ನಮ್ಮ ಕಡೆ ಸೆಕ್ರೆಟರಿ, ನಾನು, ಸಾಕ್ಷಿಗೆ ಅಕ್ಕ. ಕೆಳಗೆ ಡ್ರೈಯರ್ ಓಡುತ್ತಿತ್ತು, ಮೇಜಿನ ಮೇಲಿನ ನೀರು ನಡುಗುತ್ತಿತ್ತು.

ಡಾಕ್ಟರ್ ಸ್ಲಿಂಗ್ ಬಿಚ್ಚಿಸಿದರು. ಮೊಣಕೈ ಹಿಡಿದು ಎತ್ತಿದರು — ಮೇಡಂ ಎತ್ತಿದ ಹಾಗೇ. ಅದೇ ಜಾಗದಲ್ಲಿ ನಿಂತಿತು. ಅವರಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಎರಡನೇ ಪುಟ ತಿರುವಿದರು.

'ಐದು ದಿನ ಅಂತ ಬರೆದಿದಾರೆ. ನೀವು ಎಷ್ಟು ದಿನ ಹಾಕಿಕೊಂಡ್ರಿ?'

ಸೆಕ್ರೆಟರಿ ಕನ್ನಡಕ ತೆಗೆದರು.

'ಅರವತ್ತು' ಅಂದೆ. 'ಬಿಚ್ಚಿ ಅಂತ ಅವರು ಎರಡು ಸಲ ಹೇಳಿದ್ರು. ನಾನೇ ಬಿಚ್ಚಲಿಲ್ಲ. ಈ ದಿನಕ್ಕೆ ಅಂತ ಇಟ್ಕೊಂಡೆ.'

ಧೈರ್ಯದಿಂದ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸುಳ್ಳು ಹೇಳಲೂ ಒಂದಿಷ್ಟು ಆಸೆ ಬೇಕು. ಅದು ಇರಲಿಲ್ಲ. ಒಳಗೆ ಖಾಲಿ ಟ್ರಾಲಿ ಉರುಳುವ ಸದ್ದು, ಅಷ್ಟೆ.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದರು. ಮುಗಿಯಿತು ಅನ್ನುವ ಹಾಗೆ.

ಅಧಿಕಾರಿ ನಿಯಮಕ್ಕೆಂದು ಸಾಕ್ಷಿಯ ಕಡೆ ತಿರುಗಿದರು. ಶೀಟ್ ಹೇಗೆ ಎಸೆಯುತ್ತೀರಿ, ತೋರಿಸಿ ಎಂದರು. ಅಕ್ಕ ಎದ್ದಳು. ಇಲ್ಲದ ಶೀಟಿನ ಎರಡು ಮೂಲೆ ಹಿಡಿದಳು. ಒಂದು, ಎರಡು ಎಂದು ಎಣಿಸಿದಳು. ಎಡಗೈ ತಲೆಯ ಮೇಲೆ ಹೋಯಿತು. ಬಲಗೈ ಕಿವಿಯ ಹತ್ತಿರ ನಿಂತಿತು. ಮೂರು ಅನ್ನಲಿಲ್ಲ.

'ನನ್ನದು ಇಷ್ಟೇ ಸ್ವಾಮಿ ಬರೋದು. ನಾನು ಪಟ್ಟಿ ಗಿಟ್ಟಿ ಕಟ್ಟಿಲ್ಲ. ಇವಳ ಹಾಳೆ ತಗೊಂಡು ಬೆಳಿಗ್ಗೆ ಸಾಯಂಕಾಲ ಮಾಡ್ತಿದೀನಿ, ಒಂದೂ ತಪ್ಪಿಸಿಲ್ಲ. ಮನೇಲಿ ಏರುತ್ತೆ, ಇಲ್ಲಿಗೆ ಬಂದು ನಾನೂರು ಎಸೆದ ಮೇಲೆ ಇಳಿಯುತ್ತೆ. ಅದಕ್ಕೇನಂತ ಬರ್ಕೊಳ್ತೀರಿ?'

ಡಾಕ್ಟರ್ ಅವಳ ಕೈಯನ್ನೂ ಎತ್ತಿದರು. ಅವರು ಎತ್ತಿದಾಗ ಪೂರ್ತಿ ಮೇಲೆ ಹೋಯಿತು. ಅವಳ ಮುಖ ಮಾತ್ರ ಸುಕ್ಕಾಯಿತು.

ಎಡ ಹೆಗಲಿನ ಚೀಲ. ಜನವರಿ 24. ನಾನೇ ಬರೆದಿದ್ದೇನೆ, ತಾರೀಖು ಸಮೇತ.

ಮಾರ್ಚ್ 3

ಸೆಕ್ರೆಟರಿ ಮಾತು ಬಿಟ್ಟಿದ್ದಾರೆ. ಸ್ಲಿಂಗ್‌ನಲ್ಲಿ ಅಮ್ಮ ಸಣ್ಣ ಈರುಳ್ಳಿ ತೂಗುಹಾಕಿದ್ದಾಳೆ.

ನಿನ್ನ ಭುಜ ಗಮನಿಸಲಿಲ್ಲ, ಕ್ಷಮಿಸು ಎಂದು ಅಕ್ಕನಿಗೆ ಹೇಳಿದೆ. 'ಯಾಕೆ, ಭುಜ ಕೆಡಿಸಿದ್ದು ನೀನಾ? ನೀನೇನು ಕ್ಲಿಪ್ಪಾ?' ಅಂದಳು. ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ.

ಮಾರ್ಚ್ 17

ವಾರಕ್ಕೆ ಮೂರು ದಿನ ಫಿಸಿಯೋ, ಅಕ್ಕನೂ ಜೊತೆಗೆ. ಮೊದಲು ಬಿಸಿ ಪ್ಯಾಕ್. ಆಮೇಲೆ ಕೋಲು ಹಿಡಿದು ತಳ್ಳುವುದು. ಆಮೇಲೆ ಗೋಡೆ — ಎರಡು ಬೆರಳನ್ನು ಜೇಡದ ಹಾಗೆ ಹತ್ತಿಸುವುದು, ನಿಂತಲ್ಲಿ ಪೆನ್ಸಿಲ್ ಗೆರೆ. ನೋವು ಬಂದು ಅರ್ಧ ಗಂಟೆಯಲ್ಲಿ ಇಳಿದರೆ ಸರಿ, ಮಾರನೇ ದಿನವೂ ಉಳಿದರೆ ಹೆಚ್ಚಾಯಿತು ಎಂದರ್ಥ. ಮೇಡಂ ಮಾತು ಇಷ್ಟೇ ಚಿಕ್ಕ.

ಅಕ್ಕನದು ಮುದುರಿಲ್ಲವಂತೆ. ಎತ್ತುವ ಸ್ನಾಯುವಿನ ನಾರು ಸವೆದು ಕೆರಳಿದೆ. ಗಟ್ಟಿ ಮಾಡಬಹುದಂತೆ. ಆದರೆ ಅದೇ ಕಂಬಿ, ಅದೇ ನಾನೂರು ಆದರೆ ಮತ್ತೆ ಕೆರಳುತ್ತದೆ.

'ಭುಜಕ್ಕೆ ನಾನಿದೀನಿ. ಕಂಬಿಗೆ ನಾನೇನು ಮಾಡಲಿ?' ಎಂದರು ಮೇಡಂ.

ಎಣ್ಣೆ ಬಿಡುವವರು ಎಂದಿದ್ದೆ ಇವರನ್ನು. ಚಪ್ಪಾಳೆ ಬಿದ್ದಿತ್ತು.

ಮಾರ್ಚ್ 29

ಗೆರೆ ಎರಡು ಬೆರಳು ಮೇಲೆ. ಮೂರು ದಿನದಿಂದ ಅಲ್ಲೇ ಇದೆ.

ಏಪ್ರಿಲ್ 11

ಇಲಾಖೆಯ ಕಾಗದ ಬಂತು. ಎಲ್ಲ ಪುಟ ಓದಿದೆ. ಹಿಂದೆ ಮುಂದೆ.

ನನ್ನದು: ಸಲಹೆ ಪಾಲಿಸದ ಕಾರಣ ಬಿಗಿದ ಭುಜ, ಕೆಲಸದ ಗಾಯವೆಂದು ಪರಿಗಣಿಸಲಾಗದು. ಅಕ್ಕನದು: ಕೆಲಸದಿಂದಲೇ. ಕಂಬಿಯ ಎತ್ತರ ಕಡಿಮೆ ಮಾಡತಕ್ಕದ್ದು. ಎಷ್ಟು ಎಂದು ಬರೆದಿಲ್ಲ.

ಸೆಕ್ರೆಟರಿ ಬಂದು ಪಕ್ಕದಲ್ಲಿ ನಿಂತರು. ಕನ್ನಡಕ ಒರೆಸಿದರು. ಮುಂದಿನ ಕರಪತ್ರ ಯಾವಾಗ ಎಂದು ಕೇಳಿದರು. ಬರೆಯುತ್ತೇನೆ ಎಂದೆ. ಎರಡು ಪುಟದ್ದು.

ಏಪ್ರಿಲ್ 26

ಫಿಟ್ಟರ್ ಸ್ಪ್ಯಾನರ್ ತಂದು ಕಂಬಿ ಇಳಿಸಿದ. ಒಂದು ತೂತಿನಷ್ಟು. ಅರ್ಧ ಅಡಿ. ಕೆಳಗೆ ನುಸುಳಲೆಂದು ಟ್ರಾಲಿಯ ಹಿಡಿಕೆ ಕೊಯ್ದರು. ಒಂದು ವರ್ಷದ ಹಿಂದೆಯೇ ಕೊಯ್ಯಬಹುದಿತ್ತು, ಹತ್ತು ನಿಮಿಷದ ಕೆಲಸ.

ಮೇ 4

ಮೇಡಂ ಚೀಟಿ ಕೊಟ್ಟರು. ಒಣಗಿದ ಶೀಟ್ ಮಾತ್ರ, ಗಂಟೆಗೆ ಇಪ್ಪತ್ತು. ಜಡೆ ಇನ್ನೂ ಅಮ್ಮನದೇ.

ಗೋಡೆಯ ಕ್ಲಿಪ್ಪು ತೆಗೆದು ಅದರ ಜಾಗದಲ್ಲಿ ನಿಂತೆ. ಅಕ್ಕ ಎದುರಿಗೆ. ಎಣಿಸಿದಳು. ಮೊದಲನೆಯದು ಸೊಟ್ಟಗೆ ಬಿತ್ತು. 'ಕರಪತ್ರ, ನನ್ನ ಮುಖ ಅಲ್ಲ, ಕೈ ನೋಡು' ಅಂದಳು.

ಎರಡನೆಯದಕ್ಕೆ ನೋಡಿದೆ. ನನ್ನ ಕೈ ಮೇಲಿತ್ತು. ಅವಳದು ಕೆಳಗೆ.

ಇಳಿಸಿದೆ.