ಕೇಳುಕಿಂಡಿಯ ಮನೆ

ಇಸವಿ ಎರಡು ಸಾವಿರದ ನೂರ ಎಂಬತ್ತೆಂಟು, ಉರಿಋತುವಿನ ಕೊನೆಯ ದಿನ
ಖಣಿಕೇರಿ, ಶಹಾಬಾದ್ ಸೀಮೆ

ನಮಗಿಂತ ಮೊದಲು ಮನೆ ಕಟ್ಟಿದವರಿಗೆ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಋತುಗಳು ಆರೇ ಇದ್ದವಂತೆ. ನಮ್ಮಲ್ಲಿ ವಸಂತಕ್ಕೂ ಗ್ರೀಷ್ಮಕ್ಕೂ ನಡುವೆ ಇನ್ನೊಂದು ಬಂದು ಕೂತಿದೆ. ಅದನ್ನು ಉರಿಋತು ಎನ್ನುತ್ತೇವೆ. ಆ ವಾರಗಳಲ್ಲಿ ಎಳೆಬಿಸಿಲು ಕಳೆದ ಮೇಲೆ ಸಂಜೆಯವರೆಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ನನ್ನ ಬರಹದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಇನ್ನೂ ಕೆಲವು ಬರುತ್ತವೆ, ಕ್ಷಮಿಸಿ. ನಮ್ಮ ಬದುಕು ಬದಲಾದ ಹಾಗೆ ನಾಲಿಗೆಯೂ ಹೊಸ ಪದಗಳನ್ನು ಹುಡುಕಿಕೊಂಡಿತು.

ನನ್ನ ಹೆಸರು ನೀಲಾಂಬಿಕೆ ತೆಂಗಳಿ. ನಾನು ಹಿತಗಾರ್ತಿ. ಜನ ವಾಸವಾಗಿರುವ ಮನೆಗೆ ಹೋಗಿ, ಒಂದು ಋತು ಅವರ ಜೊತೆಯಲ್ಲೇ ಉಂಡು ಮಲಗಿ, ಆ ಮನೆ ಎಷ್ಟು ವಿದ್ಯುತ್ತು ತಿನ್ನುತ್ತದೆ, ಒಳಗಿರುವವರು ಎಷ್ಟು ಹಿತವಾಗಿದ್ದಾರೆ ಎಂದು ಅಳೆಯುವುದು ನನ್ನ ಕೆಲಸ. ಒಂದು ಅಳತೆ ಮುಗಿಸಿದ ಹಿತಗಾರರು ಹಿಂದಿನವರಿಗೊಂದು ಪತ್ರ ಬರೆಯುವುದು ನಮ್ಮಲ್ಲಿ ರೂಢಿ. ಅದು ನಿಮ್ಮನ್ನು ತಲುಪುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತೇವೆ.

ಶಹಾಬಾದಿನ ಕಲ್ಲು ನಿಮಗೆ ಗೊತ್ತಿರಬೇಕು. ನಿಮ್ಮ ಎಷ್ಟೋ ಅಡುಗೆಮನೆಗಳ ನೆಲಕ್ಕೆ ಹಾಸಿದ ನೀಲಿಬೂದು ಫರಸಿ ಇಲ್ಲಿಂದಲೇ ಹೋದದ್ದು. ನೀವು ಕಲ್ಲು ಎಬ್ಬಿಸಿಕೊಂಡು ಬಿಟ್ಟುಹೋದ ಹೊಂಡಗಳಲ್ಲಿ ನಾವು ಮನೆ ಮಾಡಿಕೊಂಡಿದ್ದೇವೆ. ಖಣಿಯ ಗೋಡೆಯೇ ಮನೆಗೆ ಮೂರು ಕಡೆಯ ಗೋಡೆ. ಮೇಲೆ ಫರಸಿಯ ಪದರಗಳು, ಅದರ ಮೇಲೆ ಮಣ್ಣು. ಹೊಂಡದ ತಳದಲ್ಲಿ ನಿಂತ ನೀರನ್ನು ಸವರಿಕೊಂಡು ಬರುವ ಒಂದು ನೆಲಗಾಲುವೆ ಒಳಕ್ಕೆ ಗಾಳಿ ತರುತ್ತದೆ. ಒಳಗಿನ ಗಾಳಿ ಉಸಿರುಗೊಳವೆಯಿಂದ, ಅಂದರೆ ಛಾವಣಿಯ ಮೇಲೆ ಬಿಸಿಲಿಗೆ ನಿಲ್ಲಿಸಿದ ಎತ್ತರದ ಕಪ್ಪು ಚಿಮಣಿಯಿಂದ, ಹೊರಗೆ ಹೋಗುತ್ತದೆ. ಗಾಳಿ ನಿಲ್ಲದ ಹಾಗೆ ಒಂದು ಸಣ್ಣ ಫ್ಯಾನು ಸದಾ ತಿರುಗುತ್ತಿರುತ್ತದೆ. ಹೊತ್ತು ಮೂಡುವ ಮೊದಲೇ ರೊಟ್ಟಿ ಬಡಿದು ಒಲೆ ಆರಿಸುತ್ತೇವೆ. ಬಿಸಿಲೇರಿದ ಮೇಲೆ ಕಿಟಕಿ ಬಾಗಿಲು ಮುಚ್ಚಿ ಕತ್ತಲೆಯಲ್ಲಿ ಕೂರುತ್ತೇವೆ. ನೂಲುವವರು ನೂಲುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇದಕ್ಕೆ ಹಗಲಿರುಳು ಎಂದು ಹೆಸರು.

ಈ ಕೇರಿಯ ಮನೆಗಳನ್ನು ಯೋಜಿಸಿದವರು ಇನಾಯತ್ ಜಮಾದಾರ್. ಕಾಗಿಣಾ ನದಿಯಾಚೆ ತಂಪುಗೋಪುರಗಳಿವೆ. ಗಾಳಿಯಾಡದ ಹಾಗೆ ಮುಚ್ಚಿದ, ಯಂತ್ರದಿಂದಲೇ ತಣ್ಣಗಿರುವ ಎತ್ತರದ ಕಟ್ಟಡಗಳು ಅವು. ಸೀಮೆಯ ಅರ್ಧ ವಿದ್ಯುತ್ತು ಅವುಗಳ ಹೊಟ್ಟೆಗೇ ಹೋಗುತ್ತದೆ. ಅಲ್ಲಿಯ ಜನರನ್ನು ಖಣಿಮನೆಗಳಿಗೆ ತರಬೇಕೆಂಬುದು ಇನಾಯತರ ಬದುಕಿನ ಆಸೆ. ಊರಸಭೆಯವರು, ಹೊಸ ಮನೆಗಳಿಗೆ ಒಪ್ಪುವ ಮೊದಲು, ಈಗಿರುವ ಮನೆಗಳು ನಿಜಕ್ಕೂ ಲೆಕ್ಕದ ಪ್ರಕಾರ ನಡೆಯುತ್ತಿವೆಯೋ ನೋಡಿ ಬಾ ಎಂದು ನನ್ನನ್ನು ಕಳಿಸಿದರು.

ಮಿಕ್ಕ ಮನೆಗಳು ಸುಮಾರಾಗಿ ಲೆಕ್ಕಕ್ಕೆ ಹೊಂದಿಕೊಂಡಿದ್ದವು. ಮಹಾಂತಮ್ಮ ಎಂಬ ಹಿರಿಯರ ಮನೆಯೊಂದು ಮಾತ್ರ ಮೂರು ಪಟ್ಟು ವಿದ್ಯುತ್ತು ತಿನ್ನುತ್ತಿತ್ತು. ನಡುಮಧ್ಯಾಹ್ನ ಕಿಟಕಿ ತೆರೆದಿಟ್ಟು, ಫ್ಯಾನನ್ನು ಜೋರಾಗಿ ತಿರುಗಿಸಿಕೊಂಡು ಕೂರುತ್ತಿದ್ದರು ಆ ಮನೆಯವರು.

"ಮನಿದು ತಪ್ಪಿಲ್ಲ ನೀಲಾಬಾಯಿ, ಮಂದಿದು ತಪ್ಪು," ಎಂದರು ಇನಾಯತ್. "ಮನ್ಯಾಗ ಹೆಂಗಿರಬೇಕಂತ ಅವರಿಗಿ ಗೊತ್ತಿಲ್ಲ. ನೀವರೆ ಹೋಗಿ ಹೇಳ್ರಿ."

ನಾನು ಚಾಪೆ ಸುತ್ತಿಕೊಂಡು ಆ ಮನೆಗೇ ಹೋದೆ. ಮಹಾಂತಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಬಾ ಯವ್ವಾ, ಏನೇನ್ ಅಳೀತಿ ಅಳಿ. ಆದ್ರ ಕಿಡಕಿ ಮುಚ್ಚು ಅನ್ಬ್ಯಾಡ," ಎಂದರು.

"ಯಾಕ, ಆಯಿ?"

ಅವರು ಒಳಗೆ ಕಿಟಕಿಯ ಪಕ್ಕ ಕೂತಿದ್ದ ಗಂಡನ ಕಡೆ ಕೈ ತೋರಿಸಿದರು. "ಅವರಿಗಿ ಕಣ್ಣಿಲ್ಲ. ಕಿವಿನೂ ಮುಚ್ಚಲೇನು?"

ಕುಪೇಂದ್ರಪ್ಪನವರು ಕಲ್ಲು ಸೀಳುವ ಕೆಲಸದಲ್ಲಿ ಎರಡೂ ಕಣ್ಣು ಕಳೆದುಕೊಂಡವರು. ಅವರಿಗೆ ಓಣಿಯ ಸದ್ದೇ ಲೋಕ. ಯಾರ ಮನೆಯ ಕೊಡ ಬಿತ್ತು, ಯಾರ ಕೂಸು ಎದ್ದಿತು ಎಂದು ಕೇಳಿಸಿಕೊಳ್ಳುತ್ತ ಹಗಲು ಕಳೆಯುತ್ತಿದ್ದರು. ಕಿಟಕಿ ಮುಚ್ಚಿದರೆ ಆ ಕಲ್ಲಿನ ಮನೆಯೊಳಕ್ಕೆ ಸಾಸಿವೆಯಷ್ಟೂ ಸದ್ದು ಬರುತ್ತಿರಲಿಲ್ಲ.

"ತಂಪಂತೂ ಭಾಳ ಅದ ತಂಗಿ," ಎಂದರು ಅವರು, ಮೆಲ್ಲಗೆ ನಗುತ್ತ. "ಗೋರಿನೂ ತಂಪೇ ಇರ್ತದ."

ಈ ಮಾತನ್ನು ಇನಾಯತರಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ಎದ್ದು ಹೋದರು. ಕೆಲವು ದಿನ ಅವರ ಸುಳಿವೇ ಇರಲಿಲ್ಲ. ಒಂದು ಮುಂಜಾನೆ ಉಳಿ, ಸುತ್ತಿಗೆ, ತುಂಡು ಫರಸಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಕುಪೇಂದ್ರಪ್ಪನವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಕಾಕಾ, ಏನೇನ್ ಕೇಳಬೇಕು ನಿಮಗ? ನನಗ ಎಲ್ಲಾ ಹೇಳ್ರಿ," ಎಂದರು.

ಬೀದಿಯ ಕಡೆಯ ಗೋಡೆಯಲ್ಲಿ ಅವರು ಒಂದು ಕಿಂಡಿ ಮಾಡಿದರು. ನೇರ ಕಿಂಡಿಯಲ್ಲ. ಹಾವಿನ ಹಾಗೆ ತಿರುತಿರುಗಿ ಬರುವ ಕಲ್ಲಿನ ದಾರಿ. ಬಿಸಿಲು ಮೊದಲ ತಿರುವಿಗೇ ನಿಲ್ಲಬೇಕು, ಬಿಸಿಗಾಳಿ ಸುತ್ತಿ ಸುತ್ತಿ ಸೋಲಬೇಕು, ಸದ್ದು ಮಾತ್ರ ನುಣುಪು ಕಲ್ಲಿಗೆ ಪುಟಿಯುತ್ತ ಒಳಗೆ ಬರಬೇಕು. ಮೊದಲ ಸಲ ಎಲ್ಲ ಸದ್ದೂ ಕೊಡದೊಳಗೆ ಕೂಗಿದ ಹಾಗೆ ಗುಂಯ್‌ಗುಟ್ಟಿತು. ಒಡೆದು ಮತ್ತೆ ಕಟ್ಟಿದರು. ಈ ಸಲ ಸೆಕೆ ನುಗ್ಗಿತು. ಮತ್ತೆ ಒಡೆದರು. ಕೊನೆಗೊಂದು ದಿನ ಕುಪೇಂದ್ರಪ್ಪನವರು ಕಿಂಡಿಗೆ ಕಿವಿಕೊಟ್ಟು ತಡೆತಡೆದು ಹೇಳಿದರು: "ಈಗ ಬಂತು ನೋಡ್ರಿ. ಆಚಿ ಮನಿ ಮುಂದ ಯಾರೋ ಸೀನಿದ್ರು."

ಮಹಾಂತಮ್ಮ ತಾವಾಗಿಯೇ ಎದ್ದು ಕಿಟಕಿ ಮುಚ್ಚಿದರು. ಆ ಕಿಂಡಿಗೆ ಕೇಳುಕಿಂಡಿ ಎಂದು ಕೇರಿಯ ಮಕ್ಕಳು ಹೆಸರಿಟ್ಟರು. ಮನೆಯ ವಿದ್ಯುತ್ತು ಇಳಿಯಿತು. ಆದರೂ ಲೆಕ್ಕಕ್ಕಿಂತ ಕೊಂಚ ಮೇಲೆಯೇ ನಿಂತಿತು.

ನಾನು ಇಷ್ಟನ್ನೇ ಸಭೆಗೆ ತಿಳಿಸಿ ಹೊರಡುವವಳಿದ್ದೆ. ಉರಿಋತು ನೆತ್ತಿಗೇರಿದ ಒಂದು ಹಗಲು, ಸೀಮೆಯ ವಿದ್ಯುತ್ತು ಒಮ್ಮೆಲೇ ನಿಂತುಹೋಯಿತು. ಫ್ಯಾನು ನಿಂತ ಮೌನದಲ್ಲಿ ಕುಪೇಂದ್ರಪ್ಪನವರು ತಲೆ ಎತ್ತಿದರು.

"ಮಂದಿ ಬರಲತ್ತಾರ," ಎಂದರು.

"ಈ ಬಿಸಿಲಾಗ ಯಾರ್ ಬರ್ತಾರ? ಸುಮ್ನಿರ್ರಿ," ಎಂದರು ಮಹಾಂತಮ್ಮ.

"ಭಾಳ ಮಂದಿ. ಕಾಲ ಎಳೀಲತ್ತಾರ. ಒಂದು ಕೂಸು ಅಳೂದು ನಿಂದ್ರಿಸ್ತು."

ಆ ಕೊನೆಯ ಮಾತಿಗೆ ನಾವೆಲ್ಲ ಎದ್ದೆವು. ಕಿಂಡಿ ನೋಡಿಕೊಂಡು ಹೋಗಲು ಬಂದಿದ್ದ ಇನಾಯತರೂ ಅಲ್ಲಿದ್ದರು. ಕೌದಿಗಳನ್ನು ನೀರಿಗೆ ಅದ್ದಿ ಹೊದ್ದುಕೊಂಡು ಹೊರಗೆ ಓಡಿದೆವು. ಖಣಿಯ ಇಳಿಜಾರಿನಲ್ಲಿ ತಂಪುಗೋಪುರದ ಜನ ಸಾಲುಗಟ್ಟಿ ಬರುತ್ತಿದ್ದರು. ಯಂತ್ರ ನಿಂತ ಸ್ವಲ್ಪ ಹೊತ್ತಿಗೇ ಗೋಪುರ ಕುಲುಮೆಯಾಗಿತ್ತಂತೆ. ತೆರೆಯೋಣವೆಂದರೆ ಅದರ ಕಿಟಕಿಗಳು ತೆರೆಯುವಂಥವಲ್ಲ. ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಳಗಿನವರಿಗೆ ಏನೂ ಕೇಳಿಸಿರಲಿಲ್ಲ. ಬಾಗಿಲು ಬಡಿದು ಬಡಿದು ಎಬ್ಬಿಸಿದೆವು. ಎಲ್ಲರೂ ಓಡಿಬಂದು ಕೈಗೆ ಸಿಕ್ಕವರನ್ನು ಒಳಗೆ ಕರೆದುಕೊಂಡರು. ಮಗನ ಹೆಗಲ ಮೇಲೆ ಬಂದ ಒಬ್ಬ ಅಜ್ಜ ಮಾತ್ರ ನಮ್ಮ ಹೊಸ್ತಿಲು ಮುಟ್ಟುವಷ್ಟರಲ್ಲಿ ತೀರಿಹೋಗಿದ್ದರು. ಅಳು ನಿಲ್ಲಿಸಿದ ಕೂಸಿನ ಬಾಯಿಗೆ ಮಹಾಂತಮ್ಮ ಒದ್ದೆ ಬಟ್ಟೆ ಹಿಂಡಿದರು. ಅದು ತುಟಿ ಚೀಪಿತು.

ನಾಲ್ಕು ಜನರಿಗೆಂದು ಕಟ್ಟಿದ ಮನೆಯಲ್ಲಿ ನಲವತ್ತು ಜನ ತುಂಬಿದರು. ಇನಾಯತ್ ನನ್ನ ಕಿವಿಯಲ್ಲಿ ಹೇಳಿದರು: "ಇಷ್ಟು ಮಂದಿಗಿ ಲೆಕ್ಕ ಹಾಕಿಲ್ಲ. ಫ್ಯಾನೂ ಇಲ್ಲ. ಉಸಿರು ಕಟ್ತದ, ನೀಲಾಬಾಯಿ."

ಮಹಾಂತಮ್ಮನಿಗೆ ಅದು ಕೇಳಿಸಿತು. "ಹಂಗಂತ ಹೊರಗ ಬಿಡಲೇನು?" ಎಂದು ಬಾಗಿಲು ಹಾಕಿದರು.

ನನ್ನ ಮಾಪಕದಲ್ಲಿ ಸೆಕೆ ಒಂದೊಂದೇ ಗೆರೆ ಏರತೊಡಗಿತು. ಬೆವರಿನ ವಾಸನೆ ದಟ್ಟವಾಯಿತು. ಯಾರೋ ಕೆಮ್ಮಿದರು. ಇನಾಯತ್ ಉಸಿರುಗೊಳವೆಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು, ಬೇಡುವವರ ಹಾಗೆ. ಆಗ ನೆಲಗಾಲುವೆಯ ಬಾಯಿಗೆ ಇಳಿಬಿಟ್ಟಿದ್ದ ತೆಳು ಬಟ್ಟೆ ಅಲ್ಲಾಡಿತು. ಮತ್ತೊಮ್ಮೆ ಅಲ್ಲಾಡಿತು. ಆಮೇಲೆ ಒಳಮುಖವಾಗಿ ಉಬ್ಬಿ ಹಾಗೇ ನಿಂತಿತು. ಖಣಿಯ ನೀರಿನ ಪಾಚಿವಾಸನೆ ಹೊತ್ತ ತಣ್ಣನೆ ಗಾಳಿ ನಮ್ಮ ಕಾಲುಗಳ ಮೇಲೆ ಹರಿಯಿತು.

ಏನು ನಡೆಯುತ್ತಿದೆಯೆಂದು ಅರಿವಾಗಲು ನನಗೆ ಹೊತ್ತು ಹಿಡಿಯಿತು. ಹೊರಗಿನ ಬಿಸಿಲು ಕಪ್ಪು ಕೊಳವೆಯನ್ನು ಕಾಯಿಸುತ್ತಿತ್ತು. ಕಾದ ಗಾಳಿ ಮೇಲೇರುತ್ತ ಒಳಗಿನ ಸೆಕೆಯನ್ನು ತನ್ನ ಹಿಂದೆ ಎಳೆಯುತ್ತಿತ್ತು. ಖಾಲಿಯಾದ ಜಾಗಕ್ಕೆ ನೀರಿನ ಮೇಲಿನ ತಂಪು ಬರುತ್ತಿತ್ತು. ಹೊರಗೆ ಮನುಷ್ಯರನ್ನು ಕೊಲ್ಲುತ್ತಿದ್ದ ಸೂರ್ಯನೇ ಒಳಗೆ ನಮಗೆ ಗಾಳಿ ಬೀಸುತ್ತಿದ್ದ. ಫ್ಯಾನು ಸದಾ ತಿರುಗುತ್ತಿದ್ದುದರಿಂದ, ಬಿಸಿಲೊಂದೇ ಇಷ್ಟು ಗಾಳಿ ಎಳೆಯಬಲ್ಲದೆಂಬುದನ್ನು ಯಾರೂ ಕಂಡಿರಲಿಲ್ಲ, ಕಟ್ಟಿದವರೂ ಕಂಡಿರಲಿಲ್ಲ. ಇನಾಯತ್ ಗೋಡೆಗೆ ಹಣೆ ಹಚ್ಚಿ ನಿಂತರು.

ಹಿತಗಾರರು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ನಿಮಗೆ ಹಿತವಾಗಿದೆಯೇ? ಗೋಪುರದಿಂದ ಬಂದ ಒಬ್ಬ ಹೆಂಗಸನ್ನು ಕೇಳಲು ಬಾಗಿದೆ. ಗೋಡೆಗೆ ಒರಗಿದ್ದ ಆಕೆ ನಿದ್ದೆ ಹೋಗಿದ್ದಳು. ಪಕ್ಕದವರನ್ನು ಕೇಳಹೋದೆ, ಅವರೂ ಮಲಗಿದ್ದರು. ಕೂಸು ಮಹಾಂತಮ್ಮನ ತೊಡೆಯ ಮೇಲೆ ಕೈಕಾಲು ಚೆಲ್ಲಿ ಮಲಗಿತ್ತು. ಹೊರಗೆ ಹಕ್ಕಿಗಳು ಮರದಿಂದ ಉದುರುತ್ತಿದ್ದ ಆ ಮಧ್ಯಾಹ್ನ, ನಲವತ್ತು ಜನ ಅಪರಿಚಿತರು ಒಬ್ಬರಿಗೊಬ್ಬರು ಒರಗಿಕೊಂಡು, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದರು. ಬಹಳ ಮನೆಗಳನ್ನು ಅಳೆದಿದ್ದೇನೆ. ಯಾವ ಮನೆಯಲ್ಲೂ ನನಗೆ ಕೈ ಮುಗಿಯಬೇಕೆನಿಸಿರಲಿಲ್ಲ.

ವಿದ್ಯುತ್ತು ಮರಳಿದ್ದು ನಾಲ್ಕನೆಯ ದಿನ. ಊರಸಭೆ ಸೇರಿದಾಗ, ಆ ಮನೆ ಲೆಕ್ಕದಂತೆ ನಡೆಯಿತೇ ಎಂದು ಹಿರಿಯರು ಕೇಳಿದರು. ಉತ್ತರ ಹೇಳಲು ನಾನು ಏಳುವ ಮೊದಲೇ ಇನಾಯತ್ ಎದ್ದರು.

"ಇಲ್ರಿ. ಲೆಕ್ಕ ತಪ್ಪ್ಯದ. ನಾ ಕಾಗದದಾಗ ಒಂದು ಮನಿ ಬರದಿದ್ದೆ, ಅವರು ಅದರಾಗ ಇದ್ದು ಬ್ಯಾರೇನ ಒಂದು ಮನಿ ಮಾಡ್ಯಾರ. ಅದು ನಂದಕಿಂತ ಚಲೋ ಅದ."

ಹೊಸ ಮನೆಗಳಿಗೆ ಸಭೆ ಒಪ್ಪಿತು. ಪ್ರತಿ ಮನೆಗೂ ಕೇಳುಕಿಂಡಿ ಇರಬೇಕೆಂದೂ, ಜನ ಒಂದು ಉರಿಋತು ವಾಸಿಸಿ ನೋಡುವವರೆಗೆ ಯಾವ ಮನೆಯನ್ನೂ ಮುಗಿಯಿತೆಂದು ಹೇಳಬಾರದೆಂದೂ ಗೊತ್ತುಮಾಡಿತು.

ಹಿರಿಯರೇ, ನಿಮ್ಮ ಕಾಲದಲ್ಲೂ ಕಡಿಮೆ ವಿದ್ಯುತ್ತಿನ ಮನೆಗಳನ್ನು ಕಟ್ಟಲು ಶುರುಮಾಡಿದ್ದಿರಿ ಎಂದು ಬಲ್ಲೆವು. ನಿಮ್ಮಲ್ಲೊಂದು ಕೋರಿಕೆ. ಕೀಲಿಕೈ ಕೊಟ್ಟ ದಿನವೇ ಆ ಮನೆಯನ್ನು ಮರೆಯಬೇಡಿ. ವರ್ಷ ಕಳೆದ ಮೇಲೆ ಒಂದು ಸಲ ಹೋಗಿ ಬಾಗಿಲು ತಟ್ಟಿ. ಮಾಪಕ ಇಟ್ಟು ಅಳೆಯಿರಿ, ಅಳತೆಯ ಉಪಕಾರ ಬಹಳ ದೊಡ್ಡದು, ಅದಿಲ್ಲದೆ ನಾವು ಉಳಿಯುತ್ತಿರಲಿಲ್ಲ. ಆಮೇಲೆ ಮನೆಯವರ ಪಕ್ಕ ನೆಲದ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿಯುತ್ತ, ಹೇಗಿದ್ದೀರಿ ಎಂದು ಕೇಳಿ. ಉತ್ತರ ನಿಮ್ಮ ಲೆಕ್ಕಕ್ಕೆ ಕೂಡಿಬರದಿದ್ದರೆ ಬೇಸರಿಸಬೇಡಿ, ಅವರನ್ನು ತಿದ್ದಲೂ ಹೋಗಬೇಡಿ. ಚಹಾ ಆರುವ ತನಕವಾದರೂ ಕೂತು ಕೇಳಿ.

ನಿಮ್ಮ ಮುಂದಿನವಳು,
ನೀಲಾಂಬಿಕೆ